ವಾಡೆಯಿಂದ ಹೊರಬಂದ ಬ್ಯಾಂಕು

ನನಗೆ ಬ್ಯಾಂಕಿನಲ್ಲಿ ಕ್ಲರ್ಕ್ ಕೆಲಸ ಸಿಕ್ಕಿದೆ ಎಂಬ ಪತ್ರ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಪೇಢೆ ಹಂಚಲಿಲ್ಲ. ಅಪ್ಪ ಪತ್ರವನ್ನು ಎರಡು ಸಲ ಓದಿ ದೊಡ್ಡಪ್ಪನ ಕೈಗೆ ಕೊಟ್ಟರು. ದೊಡ್ಡಪ್ಪ ಓದಲೇ ಇಲ್ಲ, ಮಡಚಿ ದಿಂಬಿನ ಕೆಳಗಿಟ್ಟರು.

"ನಮ್ಮ ಮನೀಗಿ ಕೆಲಸ ಕೇಳಕೊಂಡು ಮಂದಿ ಬರ್ತಾರ. ನಮ್ಮ ಮನಿ ಹುಡುಗಿ ಹೋಗಿ ಕಬ್ಬಣದ ಜಾಳಗಿ ಹಿಂದ ಕುಂತು ಮಂದೀನ ಹೆಸರ ಹಿಡದು ಕೂಗೂದು ಅಂದ್ರ ಏನು?" ಎಂದರು.

ಅಪ್ಪ ಅಣ್ಣನ ಮಾತಿಗೆ ಎದುರಾಡಿದವರಲ್ಲ. ನಾನು ಗೋಡೆಗೆ ಒರಗಿ ನಿಂತಿದ್ದೆ. ಆಗ ಒಳಮನೆಯ ಬಾಗಿಲ ಹಿಂದಿನಿಂದ ದೊಡ್ಡವ್ವನ ದನಿ ಬಂತು: "ಹೋಗಲಿ ಬಿಡ್ರಿ. ನಾಕ ದಿನ ಮಾಡ್ತಾಳ, ಬ್ಯಾಸತ್ತು ತಾನೇ ಬರ್ತಾಳ." ದೊಡ್ಡಪ್ಪ ನಕ್ಕರು. ಅಷ್ಟರಲ್ಲೇ ಒಪ್ಪಿಗೆ ಸಿಕ್ಕಂತಾಯಿತು. ದೊಡ್ಡವ್ವ ನನ್ನನ್ನು ಇಷ್ಟು ಹಗುರಾಗಿ ಎಣಿಸಿದಳಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ನನ್ನನ್ನು ಹೊಸ್ತಿಲು ದಾಟಿಸಲು ಅವಳಿಗೆ ಗೊತ್ತಿದ್ದ ದಾರಿ ಅದೊಂದೇ ಎಂದು ತಿಳಿಯಲು ನನಗೂ ವಯಸ್ಸಾಗಬೇಕಾಯಿತು.

ನಮ್ಮೂರು ಆಳಂದ ತಾಲ್ಲೂಕಿನಲ್ಲಿ, ಮಾದನಹಿಪ್ಪರಗಾ ಕಡೆ ಹೋಗುವ ದಾರಿಯಲ್ಲಿದೆ. ಊರ ಶಾಲೆಯ ಜಾಗ ನಮ್ಮ ಅಜ್ಜ ಕೊಟ್ಟದ್ದು. ಊರ ಜಗಳಗಳು ನಮ್ಮ ಪಡಸಾಲೆಯಲ್ಲಿ ಬಗೆಹರಿಯುತ್ತಿದ್ದವು. ಯಾವ ಪಕ್ಷದವರು ಓಟು ಕೇಳಲು ಬಂದರೂ ಮೊದಲ ಚಹಾ ನಮ್ಮಲ್ಲಿ. ಎತ್ತರದ ಕಲ್ಲುಗೋಡೆಯ ನಮ್ಮ ಮನೆಗೆ ವಾಡೆ ಎಂದು ಹೆಸರು. ನಮ್ಮನ್ನು ಯಾರೂ ಹೆಸರಿನಿಂದ ಕರೆಯುತ್ತಿರಲಿಲ್ಲ, "ವಾಡೇದವರು" ಎನ್ನುತ್ತಿದ್ದರು. ಊರಿಗೆ ಇದೇ ಬ್ಯಾಂಕಿನ ಶಾಖೆ ಬಂದಾಗ ಅದಕ್ಕೆ ತಕ್ಕ ಗಟ್ಟಿ ಕಟ್ಟಡ ಬೇರೆ ಇರಲಿಲ್ಲ. ದೊಡ್ಡಪ್ಪ ವಾಡೆಯ ಮುಂದಿನ ಪಡಸಾಲೆಯ ಒಂದು ಭಾಗವನ್ನು ಬಿಟ್ಟುಕೊಟ್ಟರು. ದೊಡ್ಡ ಬಾಗಿಲು ದಾಟಿ, ಕಲ್ಲು ಹಾಸಿದ ಅಂಗಳ ದಾಟಿ, ಮೂರು ಮೆಟ್ಟಿಲು ಹತ್ತಿದರೆ ಬ್ಯಾಂಕು. ಹೀಗೆ, ನಾನು ಬ್ಯಾಂಕಿಗೆ ಹೋಗುವ ಮೊದಲೇ ಬ್ಯಾಂಕು ನಮ್ಮ ಮನೆಗೆ ಬಂದಿತ್ತು.

ನನ್ನನ್ನು ಮೊದಲು ಹಾಕಿದ್ದು ಜೇವರ್ಗಿಗೆ. ಉರ್ದು ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದ ಒಬ್ಬ ಹೆಂಗಸಿನ ಮನೆಯ ಮಾಳಿಗೆ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಆಕೆ ಮೊಮ್ಮಕ್ಕಳನ್ನು ದಖನಿ ಉರ್ದುವಿನಲ್ಲಿ ಬೈಯುತ್ತ, ಅದೇ ಉಸಿರಿನಲ್ಲಿ ನನ್ನನ್ನು ಕನ್ನಡದಲ್ಲಿ ಊಟಕ್ಕೆ ಕರೆಯುತ್ತಿದ್ದರು.

"ನಿಮ್ಮಪ್ಪ ಏನ್ ಮಾಡ್ತಾರವ್ವ?" ಎಂದು ಮೊದಲ ದಿನ ಕೇಳಿದರು.

"ಒಕ್ಕಲುತನರಿ."

"ಅಚ್ಛಾ. ಹಂಗಾದ್ರ ಸಂಕ್ರಮಣಕ್ಕ ಊರಿಗಿ ಹೋದಾಗ ಹೊಸಾ ತೊಗರಿ ಬ್ಯಾಳಿ ತಗೊಂಡು ಬಾ" ಎಂದು ಮಾತು ಮುಗಿಸಿಬಿಟ್ಟರು. ಮುಂದೆ ಏನನ್ನೂ ಕೇಳಲಿಲ್ಲ. ನಮ್ಮ ಮನೆತನ ಯಾವುದೆಂದು ವಿಚಾರಿಸದ ಮನುಷ್ಯರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬ್ಯಾಂಕಿನಲ್ಲಿ ಒಂದು ಸೋಮವಾರ ಗದ್ದಲವೋ ಗದ್ದಲ. ನಾನು ಹೊಸಬಳು, ಕೈ ನಿಧಾನ. ಸಾಲಿನಲ್ಲಿದ್ದ ನೆಲೋಗಿಯ ರೈತನೊಬ್ಬ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೌಂಟರಿಗೆ ಬಾಗಿ ಗದರಿದ:

"ಏನ್ ಬೇ, ಮುಂಜಾನಿಂದ ನಿಂತೇನಿ. ನಮ್ಮವೇನು ಕಾಲು ಅದಾವೋ ಕಂಬ ಅದಾವೋ? ಬಸ್ ಹೋದ್ರ ನೆಲೋಗಿತನಕ ನೀ ಬಂದು ಬಿಡ್ತೀಯೇನು?"

ಹುಟ್ಟಿದಾಗಿನಿಂದ ಹೊರಗಿನವರು ಯಾರೂ ನನ್ನನ್ನು "ಬೇ" ಎಂದಿರಲಿಲ್ಲ. ನಮ್ಮೂರಲ್ಲಿ ಅಜ್ಜನ ವಯಸ್ಸಿನವರೂ ಕೂಸಾಗಿದ್ದ ನನಗೆ "ಬರ್ರಿ ಅಕ್ಕಾರ" ಎನ್ನುತ್ತಿದ್ದರು. ತಲೆ ಎತ್ತದೆ ಅವನ ಕೆಲಸ ಮುಗಿಸಿ ಚೀಟಿ ಕೊಟ್ಟೆ. ಅವನು ಚೀಟಿ ಕಿಸೆಗೆ ಹಾಕಿಕೊಂಡು, "ಮನಸಿಗಿ ಹಚ್ಚಕೋಬ್ಯಾಡವ್ವ, ಬಿಸಲಾಗ ತಲಿ ಕೆಟ್ಟಿತ್ತು" ಎಂದು ಹೋದ.

ಸಂಜೆ ಕೋಣೆಗೆ ನಡೆದು ಬರುವಾಗ ಅಳು ಬರಬೇಕಿತ್ತು, ಬರಲಿಲ್ಲ. ಏನೋ ಹಗುರಾಗಿತ್ತು. ಆ ಮನುಷ್ಯ ಬೈದದ್ದು ನನ್ನ ನಿಧಾನಕ್ಕೆ. ನಾಳೆ ಚುರುಕಾಗಿ ಮಾಡಿದರೆ ಅವನೇ ಶಹಬ್ಬಾಸ್ ಎಂದಾನು, ಅದೂ ನನಗೇ ಸೇರಬೇಕಾದದ್ದು. ಅಜ್ಜನಿಗೂ ಅಲ್ಲ, ದೊಡ್ಡಪ್ಪನಿಗೂ ಅಲ್ಲ. ಆ ವರ್ಷ ಜೇವರ್ಗಿಯಲ್ಲಿ ನಾನು ಬೈಸಿಕೊಂಡಷ್ಟು ಇನ್ನೆಲ್ಲೂ ಬೈಸಿಕೊಂಡಿಲ್ಲ, ಅಷ್ಟು ಸುಖವಾಗಿ ನಿದ್ದೆಯನ್ನೂ ಮಾಡಿಲ್ಲ.

ಪರೀಕ್ಷೆ ಬರೆದು ಅಧಿಕಾರಿಯಾದೆ. ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಮಾಡುವವರನ್ನು ಮದುವೆಯಾದೆ. ಮಗಳು ಹುಟ್ಟಿದ ಮೇಲೆ ಅಫಜಲಪುರದ ಶಾಖೆಗೆ ಮ್ಯಾನೇಜರ್ ಆಗಿ ಹೋದೆ. ಅಲ್ಲಿ ಮಾಡಿದ ಕೆಲಸಗಳಲ್ಲಿ ನನಗೆ ಇಂದಿಗೂ ಹೆಮ್ಮೆ ಇರುವುದು ಒಂದರ ಬಗ್ಗೆ: ಬುಧವಾರ ಮಧ್ಯಾಹ್ನ, ಗಿರಾಕಿಗಳು ಕಡಿಮೆಯಾದ ಮೇಲೆ, ಹೆಬ್ಬೆಟ್ಟು ಒತ್ತುವ ಹೆಂಗಸರಿಗೆ ಸಹಿ ಕಲಿಸುತ್ತಿದ್ದೆವು. ಬಳಸಿ ಬಿಟ್ಟ ಫಾರ್ಮುಗಳ ಹಿಂಬದಿಯೇ ಪಾಟಿ. ಒಬ್ಬ ಮುದುಕಿ ಮೂರು ತಿಂಗಳು ಹೆಣಗಿ ತನ್ನ ಹೆಸರು ಬರೆದು, "ಇದು ನಾನೇ ಏನ್ರಿ?" ಎಂದು ಕಾಗದ ತಿರುಗಿಸಿ ತಿರುಗಿಸಿ ನೋಡಿದ್ದಳು.

ಆದರೆ ತಪ್ಪು ಮಾಡಿದ್ದೂ ಆ ಊರಲ್ಲಿದ್ದಾಗಲೇ. ನನ್ನನ್ನು ರಾಜ್ಯದ ಇನ್ನೊಂದು ತುದಿಗೆ ವರ್ಗ ಮಾಡಿ ಆದೇಶ ಬಂತು. ಮಗಳಿಗೆ ಆಗ ನಾಲ್ಕು ವರ್ಷ, ದಮ್ಮಿನ ಕಾಯಿಲೆ. ಎರಡು ದಿನ ಯೋಚಿಸಿ, ಮೂರನೆಯ ದಿನ ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ಇಷ್ಟು ವರ್ಷಕ್ಕ ವಾಡೆ ನೆನಪಾತೇನು?" ಎಂದು ನಕ್ಕರು. "ಹೆದರಬ್ಯಾಡ. ನಾ ಮಾತಾಡ್ತೇನಿ."

ಒಂದೇ ಒಂದು ಫೋನು ಮಾಡಿದರಂತೆ. ಆದೇಶ ರದ್ದಾಯಿತು. ನನ್ನ ಬದಲು ಹೋದದ್ದು ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಗೆಳೆಯ. ಅವನ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದರು. ಅವನು ಕೈ ಕುಲುಕಿ, "ಮಗಳ ಆರೋಗ್ಯ ನೋಡ್ಕೋರಿ" ಎಂದು ಹೋದ. ಅಲ್ಲಿಂದ ಮುಂದೆ ಎಷ್ಟು ಬಡ್ತಿ ಬಂದರೂ, ಇದು ನನ್ನದೇ ಹೌದೋ ಅಲ್ಲವೋ ಎಂಬ ಅನುಮಾನ ಒಳಗೊಳಗೇ ಕೊರೆಯುತ್ತಿತ್ತು.

ಕೊನೆಗೆ ರೀಜನಲ್ ಮ್ಯಾನೇಜರ್ ಆದೆ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲ್ಲೂಕಿನ ಶಾಖೆಗಳು ನನ್ನ ಕೆಳಗೆ ಬಂದವು, ನಮ್ಮ ವಾಡೆಯ ಶಾಖೆಯೂ ಸೇರಿ. ನನ್ನ ಸಂಬಂಧಿಕರ ಕಟ್ಟಡದಲ್ಲಿ ಒಂದು ಶಾಖೆ ಇದೆ ಎಂದು ಅಧಿಕಾರ ವಹಿಸಿಕೊಂಡಾಗಲೇ ಮುಖ್ಯ ಕಚೇರಿಗೆ ಬರೆದುಕೊಟ್ಟೆ. ಬರೆದುಕೊಟ್ಟಾಯಿತಲ್ಲ ಎಂದು ಅದನ್ನು ಮರೆತೂ ಬಿಟ್ಟೆ.

ಒಂದು ದಿನ ಆಳಂದದ ಶಾಖೆಗೆ ತಪಾಸಣೆಗೆ ಹೋದಾಗ ಹೊರಗಿನ ಕಟ್ಟೆಯ ಮೇಲೆ ಏಳೆಂಟು ಹೆಂಗಸರು ಸರದಿಗಾಗಿ ಕಾಯುತ್ತ ಕುಳಿತಿದ್ದರು. ಅವರಲ್ಲಿ ಒಬ್ಬಳು ನನ್ನನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಗುರುತು ಹತ್ತಿತು. ನಮ್ಮೂರ ಕೇರಿಯವಳು. ಅವಳ ತಾಯಿ ನಮ್ಮ ದನದ ಕೊಟ್ಟಿಗೆ ಬಳಿಯಲು ಬರುತ್ತಿದ್ದಳು, ಸೆರಗು ಹಿಡಿದುಕೊಂಡು ಈಕೆಯೂ ಬರುತ್ತಿದ್ದಳು. ನಮ್ಮಿಬ್ಬರದೂ ಒಂದೇ ವಯಸ್ಸು.

"ಅಕ್ಕಾರ, ನೀವೇ ಏನ್ರಿ?" ಎಂದು ಎದ್ದು ನಿಂತಳು.

"ಕೂಡು, ಕೂಡು. ಇಷ್ಟು ದೂರ ಯಾಕ ಬಂದೀರಿ? ನಮ್ಮೂರಾಗೇ ಬ್ಯಾಂಕ್ ಅದ ಅಲ್ಲ?"

ಪಕ್ಕದವಳು ಸೆರಗು ಸರಿಮಾಡಿಕೊಂಡಳು. ನಾನು ಗುರುತಿನವಳ ಪಕ್ಕ ಕಟ್ಟೆಯ ಮೇಲೆ ಕುಳಿತೆ. ಅವಳೇ ಹೇಳಿದಳು.

"ಸಿಟ್ಟು ಮಾಡಬ್ಯಾಡ್ರಿ ಅಕ್ಕಾರ. ಆ ಬ್ಯಾಂಕಿಗಿ ಹೋಗಬೇಕಂದ್ರ ವಾಡೇದ ದೊಡ್ಡ ಬಾಗ್ಲಾಗ ಚಪ್ಪಲಿ ಬಿಟ್ಟು ಹೋಗಬೇಕ್ರಿ."

"ಯಾರು ಬಿಡು ಅಂತಾರ?"

"ಯಾರೂ ಅನ್ನಂಗಿಲ್ರಿ. ಬಾಗಲಾ ಬಂತಂದ್ರ ಕಾಲೇ ಬಿಡತಾವ. ನಮ್ಮವ್ವ ಬಿಡತಿದ್ಲು, ನಾ ಬಿಡತಿದ್ದೆ. ಈಗ ನನ ಮಗಳು ಡಿಗ್ರಿ ಓದ್ಯಾಳ್ರಿ. ಆಕಿ ಮುಂದ ಬಿಡಾಕ ಮನಸ್ಸು ಒಪ್ಪವಲ್ದು. ಬಿಡದಾ ಹೋಗಾಕ ಧೈರ್ಯ ಆಗವಲ್ದು. ಅದಕ ಬಸ್ ಹಿಡದು ಇಲ್ಲಿಗಿ ಬರ್ತೇವ್ರಿ."

ಹೇಳಿ ಮುಗಿಸಿ ಅವಳು ಹೆದರಿದಂತೆ ನನ್ನ ಮುಖ ನೋಡಿದಳು. "ಚಾ ಕುಡದೀರೇನು?" ಎಂದೆ. ಕೇಳಿದ ಮೇಲೆ ನನ್ನ ಮಾತಿಗೆ ನಾನೇ ನಾಚಿದೆ.

ಮರುವಾರ ಯಾರಿಗೂ ಹೇಳದೆ ಊರಿಗೆ ಹೋದೆ. ಮನೆಯೊಳಗೆ ಹೋಗಲಿಲ್ಲ, ದೊಡ್ಡ ಬಾಗಿಲ ಹತ್ತಿರ ಅರ್ಧ ತಾಸು ನಿಂತೆ. ಗೋಡೆಯ ಬದಿ ಹವಾಯಿ ಚಪ್ಪಲಿಗಳು ಸಾಲಾಗಿದ್ದವು. ಅಂಗಡಿಯವರು, ಹೊಲವಿದ್ದವರು ಮೆಟ್ಟಿದ ಮೆಟ್ಟಿನಲ್ಲೇ ಅಂಗಳ ದಾಟಿ ಬ್ಯಾಂಕಿಗೆ ಹೋಗುತ್ತಿದ್ದರು. ಕೇರಿಯವರು ಮಾತ್ರ ಬಾಗಿಲಿಗೆ ಬಂದವರೇ ಬಾಗಿ ಚಪ್ಪಲಿ ತೆಗೆಯುತ್ತಿದ್ದರು. ಶಾಖೆಯ ಮ್ಯಾನೇಜರ್ ಮೈಸೂರು ಕಡೆಯ ಹುಡುಗ, ಒಳ್ಳೆಯವನು. ಕೇಳಿದರೆ, "ಮೊದಲಿಂದ ಹಾಗೇ ಅಂತೆ ಮೇಡಂ. ಹಳೇ ಮನೆ ಅಲ್ವಾ, ಮಡಿ ಇರಬೇಕು ಅಂದುಕೊಂಡೆ" ಎಂದ. ನಾನು ನನ್ನ ಕಾಲು ನೋಡಿಕೊಂಡೆ. ಚಪ್ಪಲಿ ಇತ್ತು. ನಾನು ಹುಟ್ಟಿ ಬೆಳೆದ ಮನೆ. ಆ ಸಾಲು ಚಪ್ಪಲಿಗಳನ್ನು ಬಾಲ್ಯದಿಂದ ನೋಡಿದ್ದೆ, ಒಂದು ದಿನವೂ ಕಂಡಿರಲಿಲ್ಲ.

ಶಾಖೆಯನ್ನು ಬಸ್ ಸ್ಟ್ಯಾಂಡಿನ ಹತ್ತಿರಕ್ಕೆ ಸ್ಥಳಾಂತರಿಸಬೇಕು ಎಂದು ಬರೆದೆ. ಅಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಹೊಸ ಕಟ್ಟಡ ಖಾಲಿ ಇತ್ತು, ರಸ್ತೆಗೆ ನೇರ ಬಾಗಿಲು. ಕಾರಣದ ಜಾಗದಲ್ಲಿ "ಸ್ಥಳದ ಅಭಾವ" ಎಂದು ಬರೆದು ಪಾರಾಗಬಹುದಿತ್ತು. ಮೊದಲು ಹಾಗೇ ಬರೆದೆ. ಆಮೇಲೆ ಹರಿದು, ನಡೆದದ್ದನ್ನೇ ಬರೆದೆ. ಕಟ್ಟಡ ನನ್ನ ದೊಡ್ಡಪ್ಪನದಾದ್ದರಿಂದ ತೀರ್ಮಾನ ನನ್ನದಾಗಬಾರದು, ಬೇರೆ ಅಧಿಕಾರಿಯನ್ನು ಕಳಿಸಿ ನೋಡಿಸಬೇಕು ಎಂದೂ ಸೇರಿಸಿದೆ. ಮುಖ್ಯ ಕಚೇರಿಯ ನನ್ನ ಮೇಲಧಿಕಾರಿ ಕರೆದು, "ನಿಮ್ಮ ಮನೆಯವರ ವಿಷಯ. ಮತ್ತೊಮ್ಮೆ ಯೋಚಿಸಿ" ಎಂದರು. "ಬಹಳ ವರ್ಷ ಯೋಚಿಸದೇ ಇದ್ದೆ ಸರ್" ಎಂದೆ. ಅವರು ಬೇರೆಯವರನ್ನು ಕಳಿಸಿದರು. ಅವರೂ ನೋಡಿ ಹೌದೆಂದರು. ಒಪ್ಪಿಗೆ ಬಂತು.

ನೋಟೀಸು ಮನೆಗೆ ತಲುಪುವ ಮೊದಲು ದೊಡ್ಡಪ್ಪನಿಗೆ ನಾನೇ ಹೇಳಬೇಕೆಂದು ಭಾನುವಾರ ಹೊರಟೆ. "ಅಂಚೆಯಲ್ಲಿ ಹೋಗಲಿ ಬಿಡು" ಎಂದರು ನನ್ನ ಗಂಡ. ಆದರೂ ಜೊತೆಗೆ ಬರಲೇ ಎಂದು ಕೇಳಿದರು. ಬೇಡ ಎಂದೆ.

ಎಂಬತ್ತು ದಾಟಿದ ದೊಡ್ಡಪ್ಪ ಪಡಸಾಲೆಯ ಗಾದಿಯ ಮೇಲೆ ಕುಳಿತಿದ್ದರು. ದೊಡ್ಡಪ್ಪನ ಮಕ್ಕಳಾದ ನನ್ನ ಅಣ್ಣಂದಿರು, ಅವರ ಮಕ್ಕಳು, ಮನೆ ತುಂಬ ಮಂದಿ. ದೊಡ್ಡವ್ವ ಮಂಡಕ್ಕಿ ಸುಸಲಾ, ಚಹಾ ಕಳಿಸಿದಳು. ತಟ್ಟೆ ಮುಟ್ಟುವ ಮೊದಲೇ ವಿಷಯ ಹೇಳಿದೆ.

"ಯಾಕ? ಮಾಳಗಿ ಸೋರಾಕತ್ತದೇನು?" ಎಂದರು ದೊಡ್ಡಪ್ಪ.

"ಇಲ್ರಿ ದೊಡ್ಡಪ್ಪಾ." ಆಳಂದದಲ್ಲಿ ಕೇಳಿದ್ದನ್ನು, ಬಾಗಿಲಲ್ಲಿ ನಿಂತು ನೋಡಿದ್ದನ್ನು ಹೇಳಿದೆ. ಹೇಳಿದವಳು ಯಾರೆಂದು ಮಾತ್ರ ಹೇಳಲಿಲ್ಲ.

ಅವರ ಮುಖ ಕೆಂಪಾಯಿತು. "ನಾ ಯಾರಿಗೂ ಚಪ್ಪಲಿ ಬಿಡು ಅಂದಿಲ್ಲ."

"ಬಿಡಬ್ಯಾಡ್ರಿ ಅಂತನೂ ಅಂದಿಲ್ಲಲ್ರಿ. ನಾನೂ ಅಂದಿಲ್ಲ."

ದೊಡ್ಡ ಅಣ್ಣ ನಡುವೆ ಬಾಯಿ ಹಾಕಿದ: "ದೊಡ್ಡ ಹುದ್ದೆ ಸಿಕ್ಕಿತಂತ ಹುಟ್ಟಿದ ಮನಿ ಮಾನ ತಗೀತಿ ಏನು?" ದೊಡ್ಡಪ್ಪ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದರು. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

"ನಿನ್ನ ವರ್ಗಾ ನಿಲ್ಲಿಸಿದಾಂವ ನಾನು. ನೆನಪದ ಏನು?"

ಆ ಮಾತು ಬಂದೇ ಬರುತ್ತದೆಂದು ದಾರಿಯುದ್ದಕ್ಕೂ ಹೆದರಿದ್ದೆ. ಬಂದ ಮೇಲೆ ಹೆದರಿಕೆ ಹೋಯಿತು.

"ನೆನಪದರಿ. ನಾ ಕೇಳಬಾರದಿತ್ತು. ಹಾಸಿಗಿ ಹಿಡಿದ ತಾಯಿನ್ನ ಬಿಟ್ಟು ನನ್ನ ಜಾಗಾದಾಗ ಇನ್ನೊಬ್ಬ ಹೋದ. ಅವತ್ತಿಂದ ಇವತ್ತಿನತನಕ ನಾ ಅದನ್ನ ಮರ್ತಿಲ್ಲ. ಇನ್ನೊಮ್ಮೆ ಅಂಥಾದ್ದು ಮಾಡಾಕ ನನ್ನ ಕೈಲೆ ಆಗೂದಿಲ್ಲ ದೊಡ್ಡಪ್ಪಾ."

ಅವರು ಎದ್ದು ಒಳಗೆ ಹೋದರು. ಊಟಕ್ಕೆ ಯಾರೂ ಕರೆಯಲಿಲ್ಲ. ಕಾರು ಹತ್ತುವಾಗ ಹಿತ್ತಲ ಕಡೆಯಿಂದ ದೊಡ್ಡವ್ವ ಬಂದು ಬಟ್ಟೆಯಲ್ಲಿ ಕಟ್ಟಿದ ಎರಡು ಶೇಂಗಾ ಹೋಳಿಗೆ ಕೈಗಿಟ್ಟು, ತಿರುಗಿ ಹೋದಳು.

ಮುಂದಿನ ಒಂದೂವರೆ ತಿಂಗಳು ನಾನು ಫೋನಿಗೆ ಹೆದರಿ ಬದುಕಿದೆ. ದೊಡ್ಡಪ್ಪನ ಒಂದು ಮಾತಿನ ಬಲ ನನಗೆ ಗೊತ್ತಿತ್ತು. ಒಂದು ಆದೇಶವನ್ನು ಒಂದೇ ಫೋನಿನಲ್ಲಿ ರದ್ದು ಮಾಡಿಸಿದವರು ಇನ್ನೊಂದನ್ನು ಮಾಡಿಸಲಾರರೇ? ರಾತ್ರಿ ನಿದ್ದೆಯಲ್ಲೂ ಫೋನು ಹೊಡೆದಂತಾಗಿ ಎದ್ದು ಕೂರುತ್ತಿದ್ದೆ. ಊರಿನ ಒಂದು ಮದುವೆಗೆ ಹೋದಾಗ ಅಣ್ಣಂದಿರು ಮುಖ ತಿರುಗಿಸಿದರು. ಅತ್ತಿಗೆಯೊಬ್ಬಳು ಮಾತ್ರ ನೀರು ಕೊಡುವ ನೆಪದಲ್ಲಿ ಬಂದು ಕೈ ಹಿಸುಕಿ ಹೋದಳು. ಹೊಸ ಜಾಗದಲ್ಲಿ ಕೌಂಟರು ಕೂಡಿಸಿದರು, ಬೋರ್ಡು ಬರೆಸಿದರು. ಆದರೂ ನನಗೆ ನಂಬಿಕೆ ಇರಲಿಲ್ಲ.

ಶಾಖೆ ಸ್ಥಳಾಂತರವಾದ ದಿನ ಬೆಳಿಗ್ಗೆ ಹೋಗಿ ನಿಂತೆ. ಬಟ್ಟೆ ವ್ಯಾಪಾರಿ ಎಲ್ಲರಿಗೂ ಶೀರಾ ಹಂಚಿದರು. ಹತ್ತೂವರೆಯಾದರೂ ವಾಡೆಯಿಂದ ಯಾರ ಸುಳಿವೂ ಇಲ್ಲ. ಬರುವುದಿಲ್ಲವೆಂದು ಗೊತ್ತಿದ್ದರೂ ಕಣ್ಣು ರಸ್ತೆಯ ಮೇಲೇ ಇತ್ತು. ಹನ್ನೊಂದರ ಸುಮಾರಿಗೆ ಮೊಮ್ಮಗಳ ಹೆಗಲು ಹಿಡಿದುಕೊಂಡು ಒಬ್ಬ ಮುದುಕಿ ನಿಧಾನವಾಗಿ ಬರುತ್ತಿರುವುದು ಕಂಡಿತು. ತಲೆಯ ಮೇಲೆ ಸೆರಗು, ಕಾಲಲ್ಲಿ ಹೊಸ ಚಪ್ಪಲಿ. ದೊಡ್ಡವ್ವ!

ಓಡಿಹೋಗಿ ಕೈ ಹಿಡಿದೆ. ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಅವಳು ಕೌಂಟರು, ಗಾಜು, ಫ್ಯಾನು, ಗೋಡೆಯ ಗಡಿಯಾರ ಎಲ್ಲವನ್ನೂ ಒಂದೊಂದಾಗಿ ನೋಡಿದಳು.

"ಬ್ಯಾಂಕ್ ಅಂದ್ರ ಹಿಂಗ ಇರ್ತದೇನು?" ಎಂದಳು.

"ಯಾಕ ದೊಡ್ಡವ್ವ, ಇಷ್ಟು ವರ್ಷ ಮನಿಯಾಗೇ ಇತ್ತಲ್ಲ?"

"ಮನಿಯಾಗ ಇತ್ತು ಖರೆ. ಗ್ವಾಡಿ ಆ ಕಡಿ ಗಂಡಸರ ದನಿ ಕೇಳತಿತ್ತು. ವಾಡೇದ ಹೆಣಮಕ್ಕಳು ಮುಂದಿನ ಪಡಸಾಲಿಗಿ ಬರೂ ಹಂಗಿತ್ತೇನು? ಎಲ್ಲಿ ಸಹಿ ಬೇಕು ಅಲ್ಲಿ ಕಾಗದಾನೇ ಒಳಗ ಬರತಿತ್ತು."

ಚಪ್ಪಲಿ ಬಿಟ್ಟವರ ಬಗ್ಗೆ ಅಷ್ಟು ದಿನ ತಲೆ ಕೆಡಿಸಿಕೊಂಡವಳಿಗೆ, ಅದೇ ಬಾಗಿಲೊಳಗೆ ಐವತ್ತು ವರ್ಷ ಬದುಕಿದವಳು ಹೊಳೆದಿರಲಿಲ್ಲ.

"ನನ್ನ ಹೆಸರಿಲೆ ಒಂದು ಖಾತೆ ತಗಿ" ಎಂದಳು. "ನನ್ನ ಒಬ್ಬಾಕಿ ಹೆಸರಿಲೆ."

"ದೊಡ್ಡಪ್ಪ ಏನಂದ್ರು?"

"ಎಲ್ಲಿ ಹೊಂಟಿ ಅಂದ್ರು. ಬ್ಯಾಂಕಿಗಿ ಅಂದೆ. ಸುಮ್ಮ ಕುಂತ್ರು." ದನಿ ತಗ್ಗಿಸಿದಳು. "ನಿಮ್ಮಣ್ಣ ಫೋನ್ ಹಚ್ಚಿ ಕೈಯಾಗ ಕೊಟ್ಟಿದ್ದ, ದೊಡ್ಡವರ ಜೋಡಿ ಮಾತಾಡ್ರಿ, ಬ್ಯಾಂಕ್ ಇಲ್ಲೇ ನಿಲ್ಲಸ್ರಿ ಅಂತ. ಆ ಕಡಿಯಿಂದ ಹಲೋ ಹಲೋ ಅನ್ನಾಕತ್ತಿದ್ರು. ಇವರು ಹಂಗೇ ಹಿಡ್ಕೊಂಡು ಕುಂತ್ರು. ಆಮ್ಯಾಲ ಕಟ್ ಮಾಡಿದ್ರು. 'ಹುಡುಗಿ ಸುಳ್ಳೇನು ಹೇಳಿಲ್ಲ' ಅಂದ್ರು. ಅಷ್ಟ."

ಎಲ್ಲರೆದುರಿಗೇ ಕಣ್ಣಲ್ಲಿ ನೀರು ಬಂತು. ಮೈಸೂರಿನ ಹುಡುಗ ಗಾಬರಿಯಾಗಿ ನೀರಿನ ಲೋಟ ತಂದ. ದೊಡ್ಡವ್ವ ಲೋಟ ತಾನೇ ಇಸಿದುಕೊಂಡು ಕುಡಿದು, "ಈಗ ಅಳಬ್ಯಾಡ, ಮೊದಲ ಅರ್ಜಿ ತುಂಬು" ಎಂದಳು. ಸಹಿಯ ಜಾಗದಲ್ಲಿ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ, ಗೆರೆ ಮೀರಿ ಬರೆದಳು.

ದೊಡ್ಡಪ್ಪ ಆ ಶಾಖೆಗೆ ಇವತ್ತಿಗೂ ಬಂದಿಲ್ಲ. ಹಬ್ಬಕ್ಕೆ ಹೋದರೆ ನನ್ನೊಡನೆ ಮಾತಾಡುತ್ತಾರೆ, ಮಳೆ ಬೆಳೆ, ಮಗಳ ಓದು. ಬ್ಯಾಂಕಿನ ಸುದ್ದಿ ಇಬ್ಬರೂ ಎತ್ತುವುದಿಲ್ಲ. ಒಬ್ಬ ಅಣ್ಣ ಇನ್ನೂ ಮಾತು ಬಿಟ್ಟಿದ್ದಾನೆ. ಅದು ನನಗೆ ನೋವೇ, ಆದರೆ ಹೊರಬಲ್ಲೆ. ಪಡಸಾಲೆಯಲ್ಲಿ ಈಗ ಮನೆಯ ಹೆಂಗಸರೂ ಕುಳಿತು ಟೀವಿ ನೋಡುತ್ತಾರಂತೆ.

ಕೇರಿಯ ಹೆಂಗಸರು ಮರುದಿನವೇ ಹೊಸ ಶಾಖೆಗೆ ನುಗ್ಗಿ ಬರುತ್ತಾರೆಂದು ನಾನು ಎಣಿಸಿದ್ದೆ. ಹಾಗಾಗಲಿಲ್ಲ. ಮೂರು ತಿಂಗಳ ಮೇಲೆ ಆಳಂದಕ್ಕೆ ಹೋದರೆ ಅವಳು ಅದೇ ಕಟ್ಟೆಯ ಮೇಲೆ ಕುಳಿತಿದ್ದಾಳೆ.

"ಮತ್ತ ಇಲ್ಲಿಗೇ ಯಾಕ ಬಂದಿ?" ಎಂದೆ, ಸ್ವಲ್ಪ ಮುನಿದು.

"ಮಗಳು ಊರಾಗೇ ಖಾತೆ ತಗದಾಳ್ರಿ, ಸ್ಯಾಂಡಲ್ ಟಕ್ ಟಕ್ ಅನಸ್ಕೋತ ಹೋಗಿ ಬರ್ತಾಳ. ನನಗ ಆಳಂದಕ್ಕ ಬಂದ್ರ ಸಂತಿನೂ ಆಗ್ತದ, ಗೆಳತ್ಯಾರ ಜೋಡಿ ನಾಕ ಮಾತೂ ಆಗ್ತಾವ." ಬಾಯಿಗೆ ಸೆರಗು ಹಿಡಿದು ನಕ್ಕಳು. "ಮೊದಲ ಬರಲೇಬೇಕಿತ್ತರಿ. ಈಗ ಮನಸ್ಸು ಬಂದ್ರ ಬರ್ತೇನಿ."

ನಾನೂ ನಕ್ಕುಬಿಟ್ಟೆ. ಅವಳ ಲೆಕ್ಕಕ್ಕೆ ನನ್ನ ವರದಿಯಲ್ಲಿ ಜಾಗವಿರಲಿಲ್ಲ, ಆದರೆ ಲೆಕ್ಕ ಸರಿಯಾಗಿತ್ತು.

ಅಂದು ಮಧ್ಯಾಹ್ನ ಜೇವರ್ಗಿಯಲ್ಲಿ ಸಭೆಯಿತ್ತು. ಕಾರು ಆಳಂದ ದಾಟುವಷ್ಟರಲ್ಲಿ ಕಿಟಕಿಗೆ ತಲೆಯಾನಿಸಿದೆ, ನಿದ್ದೆ ಹತ್ತಿತು. ಡ್ರೈವರ್ ಎಬ್ಬಿಸಿದಾಗ ಜೇವರ್ಗಿ ಬಂದಿತ್ತು. ಫೋನು ಎರಡು ಸಲ ಹೊಡೆದಿತ್ತಂತೆ, ನನಗೆ ಕೇಳಿಸಿಯೇ ಇರಲಿಲ್ಲ.